ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾವಿಶೇಷಣ ಮತ್ತು ರೀತಿವಾಚಕ ಕ್ರಿಯಾಪದ: ಕನ್ನಡದ ನೆಲೆಯಿಂದ ಒಂದು ವಿವೇಚನೆ

೧. ಪೀಠಿಕೆ

ಒಂದು ಕ್ರಿಯೆ ನಡೆಯಿತು ಎಂದು ಹೇಳುವುದು ಒಂದು ಬಗೆ. ಅದು ಹೇಗೆ ನಡೆಯಿತು ಎಂದು ಹೇಳುವುದು ಮತ್ತೊಂದು ಬಗೆ. ಕ್ರಿಯೆಯ ರೀತಿಯನ್ನು ಹೇಳಲು ಭಾಷೆಗಳಲ್ಲಿ ಮುಖ್ಯವಾಗಿ ಎರಡು ಮಾರ್ಗಗಳು ಕಂಡುಬರುತ್ತವೆ. ರೀತಿಯನ್ನು ಬೇರೊಂದು ಪದದಲ್ಲಿಟ್ಟು ಕ್ರಿಯಾಪದದ ಜೊತೆಗೆ ನಿಲ್ಲಿಸುವುದು ಮೊದಲನೆಯ ಮಾರ್ಗ. ಆ ರೀತಿಯನ್ನು ಕ್ರಿಯಾಪದದ ಒಡಲಿನಲ್ಲಿಯೇ ಅಡಕಮಾಡುವುದು ಎರಡನೆಯದು. ಇಂಗ್ಲಿಷಿನ ‘ವಾಕ್ಡ್ ಸ್ಲೋಲಿ’ ಎಂಬ ಪ್ರಯೋಗ ಮೊದಲನೆಯದಕ್ಕೂ ‘ಸ್ಟ್ರೋಲ್ಡ್’ ಎಂಬ ಒಂದೇ ಪದ ಎರಡನೆಯದಕ್ಕೂ ನಿದರ್ಶನ. ಮೊದಲನೆಯ ಬಗೆಯ ಪದಗಳನ್ನು ಕ್ರಿಯಾವಿಶೇಷಣಗಳೆಂದೂ ಎರಡನೆಯ ಬಗೆಯ ಪದಗಳನ್ನು ರೀತಿವಾಚಕ ಕ್ರಿಯಾಪದಗಳೆಂದೂ ಇಲ್ಲಿ ಕರೆಯಲಾಗಿದೆ.

ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರು ಇಂಗ್ಲಿಷಿನಲ್ಲಿ ಬರೆಯುವಾಗ ಈ ಎರಡು ಬಗೆಯ ಪದಗಳಲ್ಲಿಯೂ ಕೆಲವು ತಪ್ಪುಗಳು ಮತ್ತೆಮತ್ತೆ ಕಾಣಿಸಿಕೊಳ್ಳುತ್ತವೆ. ಇವು ಅಜಾಗರೂಕತೆಯಿಂದ ಹುಟ್ಟಿದವುಗಳೆಂದು ತಿಳಿಯುವುದು ವಾಡಿಕೆ. ಆದರೆ ಇವುಗಳಲ್ಲಿ ಹೆಚ್ಚಿನವು ಕನ್ನಡದ ವಾಕ್ಯರಚನೆಯ ನಿಯಮಗಳನ್ನು ನಿಷ್ಠೆಯಿಂದ ಪಾಲಿಸಿದ ಕಾರಣದಿಂದಲೇ ಹುಟ್ಟಿದವು. ಅಂತಹ ತಪ್ಪುಗಳ ಪರಿಣಾಮ ಸಣ್ಣದಲ್ಲ. ಉದ್ಯೋಗದ ಅರ್ಜಿಯಲ್ಲಿ ‘ಕಷ್ಟಪಟ್ಟು ದುಡಿದೆ’ ಎಂದು ಹೇಳಬೇಕಾದ ಅಭ್ಯರ್ಥಿಯು ‘ಐ ಹಾರ್ಡ್ಲಿ ವರ್ಕ್ಡ್’ ಎಂದು ಬರೆದರೆ, ‘ದುಡಿದದ್ದು ಇಲ್ಲವೆನ್ನುವಷ್ಟು ಕಡಿಮೆ’ ಎಂದು ಓದುವವರು ತಿಳಿಯುತ್ತಾರೆ. ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಅರ್ಥ ಮಾತ್ರ ತಲೆಕೆಳಗಾಗಿದೆ. ಇಂತಹ ವ್ಯತ್ಯಾಸಗಳ ಮೂಲವನ್ನು ಎರಡು ಭಾಷೆಗಳ ರಚನೆಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ವ್ಯಾಕರಣ ಪರಂಪರೆಯ ಹಿನ್ನೆಲೆ

ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಕೊನೆಯದು ಅವ್ಯಯ ಪ್ರಕರಣ. ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದ ಪದಗಳೆಲ್ಲವೂ ಅವ್ಯಯದ ವ್ಯಾಪ್ತಿಯಲ್ಲಿ ಬರುತ್ತವೆ. ಶಾಲಾ ವ್ಯಾಕರಣಗಳು ಈ ಪರಂಪರೆಯನ್ನು ಮುಂದುವರಿಸಿ ಅವ್ಯಯಗಳನ್ನು ಸಾಮಾನ್ಯಾವ್ಯಯ, ಅನುಕರಣಾವ್ಯಯ, ಕೃದಂತಾವ್ಯಯ, ತದ್ಧಿತಾಂತಾವ್ಯಯ, ಅವಧಾರಣಾರ್ಥಕಾವ್ಯಯ ಮುಂತಾಗಿ ವಿಂಗಡಿಸುತ್ತವೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷ್ ವ್ಯಾಕರಣವು ಕ್ರಿಯಾವಿಶೇಷಣ ಎಂಬ ಒಂದೇ ವರ್ಗದಲ್ಲಿ ಇರಿಸುವ ಕೆಲಸವನ್ನು ಕನ್ನಡದಲ್ಲಿ ಈ ಹಲವು ವರ್ಗಗಳು ಹಂಚಿಕೊಂಡಿವೆ. ‘ಮೆಲ್ಲಗೆ’ ಎಂಬುದು ಸಾಮಾನ್ಯಾವ್ಯಯ. ‘ಸರಸರ’ ಎಂಬುದು ಅನುಕರಣಾವ್ಯಯ. ‘ಓಡುತ್ತಾ’ ಎಂಬುದು ಕೃದಂತಾವ್ಯಯ. ‘ಅವನೇ’ ಎಂಬಲ್ಲಿನ ‘ಏ’ ಅವಧಾರಣೆ. ಆದ್ದರಿಂದ ಕನ್ನಡದ ಅವ್ಯಯಕ್ಕೂ ಇಂಗ್ಲಿಷಿನ ಕ್ರಿಯಾವಿಶೇಷಣಕ್ಕೂ ಒಂದಕ್ಕೊಂದು ಸಮನಾದ ಸಂಬಂಧವಿಲ್ಲ.

ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಥವಾ ಇಂಗ್ಲಿಷಿನ ಅಚ್ಚಿನಲ್ಲಿ ಎರಕಹೊಯ್ಯಬಾರದು ಎಂಬುದು ಡಿ.ಎನ್. ಶಂಕರ ಭಟ್ಟರ ಪ್ರಸಿದ್ಧ ವಾದ. ಈ ವಾದದ ಮತ್ತೊಂದು ಮುಖವೂ ಅಷ್ಟೇ ಮುಖ್ಯವಾದದ್ದು: ಇಂಗ್ಲಿಷಿನ ವ್ಯಾಕರಣವನ್ನು ಕನ್ನಡದ ಅಚ್ಚಿನಲ್ಲಿ ಎರಕಹೊಯ್ದಾಗಲೂ ದೋಷಗಳು ತಲೆದೋರುತ್ತವೆ.

೩. ರೂಪದ ಪ್ರಶ್ನೆ: ‘ಆಗಿ’ ಮತ್ತು ‘ಲಿ’

ಕನ್ನಡದಲ್ಲಿ ಗುಣವಾಚಕವನ್ನು ಕ್ರಿಯಾವಿಶೇಷಣವಾಗಿಸುವ ಬಹುಸಾಮಾನ್ಯ ಸಾಧನ ‘ಆಗಿ’. ಇದು ‘ಆಗು’ ಧಾತುವಿನ ಭೂತಕಾಲದ ಕೃದಂತ ರೂಪ. ‘ಸುಂದರ’ ಎಂಬುದು ‘ಸುಂದರವಾಗಿ’ ಎಂದಾಗುತ್ತದೆ. ‘ಸ್ಪಷ್ಟ’ ಎಂಬುದು ‘ಸ್ಪಷ್ಟವಾಗಿ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮೀಪವಾದದ್ದು ‘ಲಿ’ ಪ್ರತ್ಯಯ. ಇದರ ಮೂಲ ಹಳೆಯ ಇಂಗ್ಲಿಷಿನ ‘ಲೀಕ್’ ಎಂಬ ಪದ. ಅದರ ಅರ್ಥ ದೇಹ ಅಥವಾ ಆಕಾರ. ಫ್ರೆಂಚಿನ ‘ಮಾಂ’ ಎಂಬ ಸಮಾನ ಪ್ರತ್ಯಯವು ಮನಸ್ಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಕನ್ನಡವು ‘ಆಗುವಿಕೆ’ಯಿಂದ, ಇಂಗ್ಲಿಷು ‘ದೇಹ’ದಿಂದ, ಫ್ರೆಂಚು ‘ಮನಸ್ಸಿ’ನಿಂದ ಒಂದೇ ಕೆಲಸದ ಪ್ರತ್ಯಯವನ್ನು ರೂಪಿಸಿಕೊಂಡಿರುವುದು ಕುತೂಹಲಕಾರಿಯಾದ ಸಂಗತಿ.

‘ಆಗಿ’ ಎಂಬುದಕ್ಕೆ ‘ಲಿ’ ಸಮಾನ ಎಂದು ಕಲಿತ ವಿದ್ಯಾರ್ಥಿಗೆ ಎರಡು ಕಡೆ ತೊಡಕು ಎದುರಾಗುತ್ತದೆ. ಮೊದಲನೆಯದಾಗಿ, ‘ಲಿ’ಯಿಂದ ಕೊನೆಗೊಳ್ಳುವ ಪದಗಳೆಲ್ಲ ಕ್ರಿಯಾವಿಶೇಷಣಗಳಲ್ಲ. ‘ಫ್ರೆಂಡ್ಲಿ’, ‘ಲವ್ಲಿ’, ‘ಲೋನ್ಲಿ’, ‘ಎಲ್ಡರ್ಲಿ’ ಇವು ಗುಣವಾಚಕಗಳು. ‘ಹಿ ಸ್ಪೋಕ್ ಫ್ರೆಂಡ್ಲಿ’ ಎಂಬುದು ಶಿಷ್ಟ ಬರಹದಲ್ಲಿ ಸಲ್ಲದು. ‘ಇನ್ ಎ ಫ್ರೆಂಡ್ಲಿ ವೇ’ ಎಂದು ವಿಸ್ತರಿಸಬೇಕಾಗುತ್ತದೆ.

ಎರಡನೆಯದಾಗಿ, ‘ಲಿ’ ಇಲ್ಲದೆಯೇ ಕ್ರಿಯಾವಿಶೇಷಣಗಳಾಗಿರುವ ಪದಗಳಿವೆ. ‘ಫಾಸ್ಟ್’ ಮತ್ತು ‘ಹಾರ್ಡ್’ ಇವುಗಳಲ್ಲಿ ಮುಖ್ಯವಾದವು. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ಒಂದು ‘ಎ’ಕಾರವನ್ನು ಹಚ್ಚಿ ಕ್ರಿಯಾವಿಶೇಷಣವನ್ನು ಸಾಧಿಸುತ್ತಿದ್ದರು. ಕಾಲಕ್ರಮದಲ್ಲಿ ಪದಾಂತ್ಯದ ಆ ಸ್ವರ ಉಚ್ಚಾರಣೆಯಲ್ಲಿ ಬಿದ್ದುಹೋಯಿತು. ಪರಿಣಾಮವಾಗಿ ಈ ಪದಗಳಲ್ಲಿ ಗುಣವಾಚಕವೂ ಕ್ರಿಯಾವಿಶೇಷಣವೂ ಒಂದೇ ರೂಪದಲ್ಲಿ ಉಳಿದವು. ಇವು ನಿಯಮಕ್ಕೆ ಹೊರತಾದವುಗಳಂತೆ ಕಂಡರೂ ಹಳೆಯ ನಿಯಮವೊಂದರ ಅವಶೇಷಗಳು. ‘ಹಾರ್ಡ್’ ಮತ್ತು ‘ಲೇಟ್’ ಪದಗಳಿಗೆ ‘ಲಿ’ ಹಚ್ಚಿದ ರೂಪಗಳೂ ಬಳಕೆಯಲ್ಲಿವೆ. ಆದರೆ ಅವು ಬೇರೆಯೇ ಅರ್ಥವನ್ನು ತಳೆದಿವೆ. ‘ಹಾರ್ಡ್’ ಎಂದರೆ ಕಷ್ಟಪಟ್ಟು, ‘ಹಾರ್ಡ್ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ತಡ’ ಎಂಬುದರಿಂದ ‘ತಡವಾಗಿ’ ಎಂದು ಸಾಧಿಸುವ ಅಭ್ಯಾಸವಿರುವವರು ‘ಹಿ ಕೇಮ್ ಲೇಟ್ಲಿ’ ಎಂದು ಬರೆಯುವುದು ಇದೇ ಕಾರಣದಿಂದ.

೪. ಸ್ಥಿತಿ ಮತ್ತು ಕ್ರಿಯೆ

ರೂಪಕ್ಕಿಂತ ಆಳವಾದ ವ್ಯತ್ಯಾಸವೊಂದು ‘ಆಗಿ’ಯ ಬಳಕೆಯಲ್ಲಿದೆ. ಕೆಳಗಿನ ವಾಕ್ಯಗಳನ್ನು ಪರಿಶೀಲಿಸಬಹುದು:

(೧) ಅವಳು ಸುಂದರವಾಗಿ ಹಾಡಿದಳು.
(೨) ಹೂವು ಸುಂದರವಾಗಿದೆ.
(೩) ಹೂವು ಸುಂದರವಾಗಿ ಕಾಣುತ್ತದೆ.

ಮೊದಲನೆಯ ವಾಕ್ಯದಲ್ಲಿ ‘ಸುಂದರವಾಗಿ’ ಎಂಬುದು ಹಾಡುವ ಕ್ರಿಯೆಯ ರೀತಿಯನ್ನು ಹೇಳುತ್ತದೆ. ಉಳಿದ ಎರಡರಲ್ಲಿ ಅದು ಹೂವಿನ ಗುಣವನ್ನು ಹೇಳುತ್ತದೆ. ಕನ್ನಡಕ್ಕೆ ಈ ಮೂರೂ ಕಡೆ ಒಂದೇ ರೂಪ ಸಾಕು. ‘ಹಾಲು ಬಿಸಿಯಾಗಿದೆ’, ‘ಹುಡುಗ ಎತ್ತರವಾಗಿದ್ದಾನೆ’ ಎಂಬಲ್ಲಿಯೂ ಇದೇ ರಚನೆಯಿದೆ. ಇಂಗ್ಲಿಷು ಇಲ್ಲಿ ರೂಪಭೇದವನ್ನು ಕಡ್ಡಾಯಗೊಳಿಸುತ್ತದೆ: ಮೊದಲನೆಯದಕ್ಕೆ ‘ಷಿ ಸ್ಯಾಂಗ್ ಬ್ಯೂಟಿಫುಲಿ’, ಮೂರನೆಯದಕ್ಕೆ ‘ದ ಫ್ಲವರ್ ಲುಕ್ಸ್ ಬ್ಯೂಟಿಫುಲ್’. ‘ಲುಕ್ಸ್ ಬ್ಯೂಟಿಫುಲಿ’ ಎಂಬ ತಪ್ಪು ಪ್ರಯೋಗ ‘ಸುಂದರವಾಗಿ ಕಾಣುತ್ತದೆ’ ಎಂಬುದರ ನೇರ ಪಡಿಯಚ್ಚು.

ಹಾಗೆಂದು ಈ ಭೇದ ಕನ್ನಡಕ್ಕೆ ತಿಳಿಯದೆಂದು ಹೇಳುವಂತಿಲ್ಲ. ಕನ್ನಡ ಅದನ್ನು ಕ್ರಿಯಾಪದದಲ್ಲಿ ತೋರಿಸುತ್ತದೆ. ‘ಲುಕ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ‘ನೋಡು’, ‘ಕಾಣು’ ಎಂಬ ಎರಡು ಪದಗಳಿವೆ. ‘ಷಿ ಲುಕ್ಡ್ ಆಂಗ್ರಿ’ ಎಂದರೆ ಅವಳು ಕೋಪಗೊಂಡಂತೆ ಕಂಡಳು. ‘ಷಿ ಲುಕ್ಡ್ ಆಂಗ್ರಿಲಿ ಅಟ್ ಹಿಮ್’ ಎಂದರೆ ಅವಳು ಅವನನ್ನು ಕೋಪದಿಂದ ನೋಡಿದಳು. ಕನ್ನಡವು ಎರಡು ಕ್ರಿಯಾಪದಗಳಿಂದ ಸಾಧಿಸುವ ಭೇದವನ್ನು ಇಂಗ್ಲಿಷು ಗುಣವಾಚಕ ಮತ್ತು ಕ್ರಿಯಾವಿಶೇಷಣಗಳ ನಡುವಣ ಆಯ್ಕೆಯಿಂದ ಸಾಧಿಸುತ್ತದೆ. ‘ಸ್ಮೆಲ್’ ಎಂಬುದು ವಾಸನೆ ಬರುವುದೂ ಹೌದು, ಮೂಸುವುದೂ ಹೌದು. ‘ಟೇಸ್ಟ್’ ಎಂಬುದು ರುಚಿಯಾಗಿರುವುದೂ ಹೌದು, ರುಚಿ ನೋಡುವುದೂ ಹೌದು. ‘ಫೀಲ್’ ಎಂಬುದು ಅನಿಸುವುದೂ ಹೌದು, ಮುಟ್ಟಿ ನೋಡುವುದೂ ಹೌದು.

ಇದರಿಂದ ಬೋಧನೆಗೆ ಉಪಯುಕ್ತವಾದ ಒಂದು ಸೂತ್ರ ದೊರೆಯುತ್ತದೆ. ಮನಸ್ಸಿನಲ್ಲಿರುವ ಕನ್ನಡ ವಾಕ್ಯದ ಕ್ರಿಯಾಪದ ‘ಇರು’, ‘ಕಾಣು’, ‘ಅನಿಸು’ ಎಂಬ ಬಗೆಯದಾದರೆ ಇಂಗ್ಲಿಷಿನಲ್ಲಿ ಗುಣವಾಚಕ ಬರಬೇಕು. ‘ನೋಡು’, ‘ಮೂಸು’, ‘ಮುಟ್ಟು’ ಎಂಬ ಬಗೆಯದಾದರೆ ಕ್ರಿಯಾವಿಶೇಷಣ ಬರಬೇಕು. ‘ಸಾರು ರುಚಿಯಾಗಿದೆ’ ಎಂಬುದು ‘ಟೇಸ್ಟ್ಸ್ ಗುಡ್’ ಎಂದಾಗುತ್ತದೆ; ‘ಅಡುಗೆಯವನು ಎಚ್ಚರಿಕೆಯಿಂದ ರುಚಿ ನೋಡಿದ’ ಎಂಬುದು ‘ಟೇಸ್ಟೆಡ್ ಇಟ್ ಕೇರ್‌ಫುಲಿ’ ಎಂದಾಗುತ್ತದೆ. ಇಲ್ಲಿ ತಾಯ್ನುಡಿಯೇ ಎರಡನೆಯ ಭಾಷೆಯ ನಿಯಮಕ್ಕೆ ಒರೆಗಲ್ಲಾಗಿ ನಿಲ್ಲುತ್ತದೆ.

೫. ಸ್ಥಾನದ ಪ್ರಶ್ನೆ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುವುದು ಸಹಜ ಕ್ರಮ. ರೀತಿಯನ್ನು ಹೇಳುವ ಪದ ಅದರ ಹಿಂದೆಯೇ ನಿಲ್ಲುತ್ತದೆ. ‘ಅವಳು ನಿನ್ನೆ ಸಭೆಯಲ್ಲಿ ಚೆನ್ನಾಗಿ ಮಾತಾಡಿದಳು’ ಎಂಬಲ್ಲಿ ಕಾಲ, ಸ್ಥಳ, ರೀತಿ, ಕ್ರಿಯೆ ಎಂಬುದು ಕ್ರಮ. ಇದೇ ವಾಕ್ಯ ಇಂಗ್ಲಿಷಿನಲ್ಲಿ ‘ಷಿ ಸ್ಪೋಕ್ ವೆಲ್ ಅಟ್ ದ ಮೀಟಿಂಗ್ ಯೆಸ್ಟರ್ಡೇ’ ಎಂದಾಗುತ್ತದೆ. ಇಲ್ಲಿ ಕ್ರಿಯೆ, ರೀತಿ, ಸ್ಥಳ, ಕಾಲ ಎಂಬುದು ಕ್ರಮ. ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿದೆ. ಎರಡರಲ್ಲಿಯೂ ರೀತಿವಾಚಕ ಕ್ರಿಯೆಗೆ ಅತಿ ಸಮೀಪದಲ್ಲಿದೆ, ಕಾಲವಾಚಕ ಅತಿ ದೂರದಲ್ಲಿದೆ ಎಂಬುದನ್ನು ಗಮನಿಸಿದರೆ ಈ ಕ್ರಮವನ್ನು ನೆನಪಿಡುವುದು ಸುಲಭ.

ಕರ್ಮಪದವಿದ್ದಾಗ ತೊಡಕು ಹೆಚ್ಚುತ್ತದೆ. ‘ಅವಳು ಇಂಗ್ಲಿಷನ್ನು ಚೆನ್ನಾಗಿ ಮಾತಾಡುತ್ತಾಳೆ’ ಎಂಬಲ್ಲಿ ‘ಚೆನ್ನಾಗಿ’ ಎಂಬುದು ಕರ್ಮಕ್ಕೂ ಕ್ರಿಯೆಗೂ ನಡುವೆ ಇದೆ. ಇದನ್ನು ಅನುಸರಿಸಿ ‘ಷಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎಂದು ಬರೆದರೆ ತಪ್ಪಾಗುತ್ತದೆ. ‘ಷಿ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಎಂಬುದು ಸರಿಯಾದ ರೂಪ. ಇದರ ಕಾರಣವನ್ನು ವಿಭಕ್ತಿ ವ್ಯವಸ್ಥೆಯಲ್ಲಿ ಕಾಣಬಹುದು. ಕನ್ನಡದಲ್ಲಿ ‘ಅನ್ನು’ ಪ್ರತ್ಯಯ ಕರ್ಮವನ್ನು ಗುರುತಿಸುವುದರಿಂದ ಅದು ವಾಕ್ಯದಲ್ಲಿ ಎಲ್ಲಿದ್ದರೂ ಗುರುತು ಸಿಗುತ್ತದೆ. ಇಂಗ್ಲಿಷಿನ ನಾಮಪದಗಳಿಗೆ ಅಂತಹ ಪ್ರತ್ಯಯವಿಲ್ಲ. ಕ್ರಿಯಾಪದದ ಮಗ್ಗುಲಿನ ಸ್ಥಾನವೇ ಕರ್ಮದ ಗುರುತು. ಆ ಸ್ಥಾನವನ್ನು ಬೇರೆ ಪದ ಆಕ್ರಮಿಸುವುದನ್ನು ಭಾಷೆ ಸಾಮಾನ್ಯವಾಗಿ ಸಹಿಸುವುದಿಲ್ಲ. ಕರ್ಮಪದ ಬಹಳ ದೀರ್ಘವಾಗಿದ್ದಾಗ ಮಾತ್ರ ಕ್ರಿಯಾವಿಶೇಷಣ ಅದರ ಮುಂಚೆ ಬರಬಹುದು.

ಆವರ್ತನೆಯನ್ನು ಹೇಳುವ ‘ಆಲ್ವೇಸ್’, ‘ಆಫನ್’, ‘ನೆವರ್’ ಮುಂತಾದವುಗಳ ಸ್ಥಾನ ಬೇರೆ. ಅವು ಮುಖ್ಯ ಕ್ರಿಯಾಪದದ ಮುಂಚೆಯೂ, ‘ಈಸ್’ ಮೊದಲಾದ ರೂಪಗಳ ಮತ್ತು ಮೊದಲನೆಯ ಸಹಾಯಕ ಕ್ರಿಯಾಪದದ ಅನಂತರವೂ ಬರುತ್ತವೆ: ‘ಷಿ ಆಲ್ವೇಸ್ ಕಮ್ಸ್ ಲೇಟ್’, ‘ಷಿ ಈಸ್ ಆಲ್ವೇಸ್ ಲೇಟ್’, ‘ಷಿ ಹ್ಯಾಸ್ ಆಲ್ವೇಸ್ ಕಮ್ ಲೇಟ್’. ಇನ್ನು ಕೆಲವು ಪದಗಳಲ್ಲಿ ಸ್ಥಾನ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಹಿ ಸ್ಪೋಕ್ ಕ್ಲಿಯರ್ಲಿ’ ಎಂದರೆ ಅವನು ಸ್ಪಷ್ಟವಾಗಿ ಮಾತಾಡಿದ. ‘ಕ್ಲಿಯರ್ಲಿ, ಹಿ ಸ್ಪೋಕ್’ ಎಂದರೆ ಅವನು ಮಾತಾಡಿದ್ದಂತೂ ಸ್ಪಷ್ಟ. ಎರಡನೆಯದರಲ್ಲಿ ಆ ಪದ ಇಡೀ ವಾಕ್ಯದ ಮೇಲೆ ಆಡುಗನ ಅಭಿಪ್ರಾಯವನ್ನು ಹೊರಿಸುತ್ತದೆ.

೬. ಅರ್ಥವ್ಯಾಪ್ತಿಯ ಭೇದ

ಕನ್ನಡದ ಒಂದು ಅವ್ಯಯಕ್ಕೆ ಇಂಗ್ಲಿಷಿನಲ್ಲಿ ಹಲವು ಸಮಾನಪದಗಳು ಬೇಕಾಗುವ ಸಂದರ್ಭಗಳಿವೆ. ‘ಜೋರಾಗಿ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಜೋರಾಗಿ ಕೂಗಿದ, ಜೋರಾಗಿ ಓಡಿದ, ಜೋರಾಗಿ ಹೊಡೆದ, ಮಳೆ ಜೋರಾಗಿ ಸುರಿಯಿತು ಎಂಬ ನಾಲ್ಕು ಕಡೆಯೂ ಕನ್ನಡಕ್ಕೆ ಒಂದೇ ಪದ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ‘ಲೌಡ್ಲಿ’, ‘ಫಾಸ್ಟ್’, ‘ಹಾರ್ಡ್’, ‘ಹೆವಿಲಿ’ ಎಂದಾಗುತ್ತವೆ. ಕನ್ನಡದ ‘ಜೋರು’ ತೀವ್ರತೆಯನ್ನು ಹೇಳಿ ನಿಲ್ಲುತ್ತದೆ. ಯಾವುದರ ತೀವ್ರತೆ ಎಂಬುದನ್ನು ಕ್ರಿಯಾಪದ ನಿರ್ಧರಿಸುತ್ತದೆ. ಇಂಗ್ಲಿಷಿನ ಪದಗಳು ಧ್ವನಿ, ವೇಗ, ಬಲ, ಪ್ರಮಾಣಗಳನ್ನು ಮೊದಲೇ ವಿಂಗಡಿಸಿಕೊಂಡಿವೆ.

‘ಮೆಲ್ಲಗೆ’ ಎಂಬುದರ ವಿಷಯವೂ ಹೀಗೆಯೇ. ಇದು ವೇಗದ ಕಡಿಮೆಯನ್ನೂ ಧ್ವನಿಯ ಕಡಿಮೆಯನ್ನೂ ಹೇಳುತ್ತದೆ. ಮಗು ಮಲಗಿರುವ ಮನೆಯಲ್ಲಿ ‘ಮೆಲ್ಲಗೆ ಮಾತಾಡಿ’ ಎಂಬುದನ್ನು ‘ಸ್ಪೀಕ್ ಸ್ಲೋಲಿ’ ಎಂದು ಹೇಳಿದರೆ ಕೇಳಿದವರು ಪದಗಳನ್ನು ಬಿಡಿಸಿ ಬಿಡಿಸಿ, ಅದೇ ಏರುದನಿಯಲ್ಲಿ ಆಡಿಯಾರು. ಅಲ್ಲಿ ಬೇಕಾದದ್ದು ‘ಸಾಫ್ಟ್ಲಿ’. ‘ಸುಮ್ಮನೆ’ ಎಂಬ ಪದ ಇನ್ನೂ ಸೂಕ್ಷ್ಮವಾದುದು. ಮೌನ, ನಿಷ್ಕ್ರಿಯತೆ, ಉದ್ದೇಶರಾಹಿತ್ಯ ಮೂರೂ ಅದರಲ್ಲಿವೆ. ಭಾರತೀಯ ಇಂಗ್ಲಿಷಿನ ಮಾತಿನಲ್ಲಿ ‘ಐ ಸಿಂಪ್ಲಿ ಕೇಮ್’ ಎಂದು ಕೇಳಿಬರುವ ಪ್ರಯೋಗ ‘ಸುಮ್ಮನೆ ಬಂದೆ’ ಎಂಬಂತಹ ದೇಶಭಾಷೆಯ ಮಾತನ್ನು ಅನುಸರಿಸಿದೆ. ಇತರ ಇಂಗ್ಲಿಷ್ ಭಾಷಿಕರಿಗೆ ‘ಸಿಂಪ್ಲಿ’ ಎಂದರೆ ಸರಳವಾಗಿ ಅಥವಾ ಕೇವಲ ಎಂಬ ಅರ್ಥವೇ ಹೊಳೆಯುತ್ತದೆ. ‘ಸುಮ್ಮನೆ ಕುಳಿತ’ ಎಂಬುದು ಸಂದರ್ಭಾನುಸಾರ ‘ಸ್ಯಾಟ್ ಕ್ವಯಟ್ಲಿ’ ಎಂದೂ ‘ಸ್ಯಾಟ್ ಡೂಯಿಂಗ್ ನಥಿಂಗ್’ ಎಂದೂ ಆಗಬೇಕು.

ಅವಧಾರಣೆಯ ‘ಏ’ ಕೂಡ ಇಲ್ಲಿ ಪರಿಶೀಲನಾರ್ಹ. ‘ಅವನು ಇರುವುದೇ ಹಾಗೆ’ ಎಂಬುದು ‘ಹಿ ಈಸ್ ಲೈಕ್ ದಟ್ ಓನ್ಲಿ’ ಎಂದಾಗುತ್ತದೆ. ಕನ್ನಡದ ‘ಏ’ ಒತ್ತು ಬೇಕಾದ ಯಾವ ಪದಕ್ಕಾದರೂ ಬಾಲವಾಗಿ ಅಂಟಿಕೊಳ್ಳುತ್ತದೆ: ಅವನೇ, ನಿನ್ನೆಯೇ, ಅಲ್ಲಿಯೇ. ಶಿಷ್ಟ ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ತಾನು ಸೀಮಿತಗೊಳಿಸುವ ಪದದ ಮುಂಚೆ ಬರುತ್ತದೆ. ಅದು ಹೇಳುವುದು ಮಿತಿಯನ್ನು, ಒತ್ತನ್ನಲ್ಲ. ಬರಿಯ ಒತ್ತಿಗೆ ಇಂಗ್ಲಿಷು ಧ್ವನಿಯ ಏರಿಳಿತವನ್ನೋ ‘ಜಸ್ಟ್’, ‘ಹಿಮ್‌ಸೆಲ್ಫ್’ ಮುಂತಾದ ಪದಗಳನ್ನೋ ಬಳಸುತ್ತದೆ.

೭. ರೀತಿವಾಚಕ ಕ್ರಿಯಾಪದಗಳು

ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ೧೯೮೫ರಲ್ಲಿ ಪ್ರಕಟವಾದ ಲೇಖನದಲ್ಲಿಯೂ ೨೦೦೦ದಲ್ಲಿ ಬಂದ ಗ್ರಂಥದಲ್ಲಿಯೂ ಚಲನೆಯನ್ನು ಭಾಷೆಗಳು ಹೇಗೆ ಹೇಳುತ್ತವೆ ಎಂಬುದನ್ನು ವಿವೇಚಿಸಿದ್ದಾರೆ. ಅವರ ಪ್ರಕಾರ ಇಂಗ್ಲಿಷಿನಂತಹ ಭಾಷೆಗಳು ಚಲನೆಯ ರೀತಿಯನ್ನು ಕ್ರಿಯಾಪದದಲ್ಲಿಟ್ಟು ದಿಕ್ಕನ್ನು ‘ಇನ್‌ಟು’, ‘ಔಟ್’, ‘ಅಪ್’ ಮುಂತಾದ ಕಿರುಪದಗಳಿಗೆ ವಹಿಸುತ್ತವೆ. ಸ್ಪ್ಯಾನಿಷಿನಂತಹ ಭಾಷೆಗಳು ದಿಕ್ಕನ್ನು ಕ್ರಿಯಾಪದದಲ್ಲಿಟ್ಟು ರೀತಿಯನ್ನು ಬೇರೆ ಪದದಲ್ಲಿ ಹೇಳುತ್ತವೆ. ಕನ್ನಡದ ಬಹುತೇಕ ಪ್ರಯೋಗಗಳು ಎರಡನೆಯ ಗುಂಪಿಗೆ ಹತ್ತಿರವಾಗಿವೆ. ‘ಹಿ ಲಿಂಪ್ಡ್ ಇನ್‌ಟು ದ ರೂಮ್’ ಎಂಬುದು ಕನ್ನಡದಲ್ಲಿ ‘ಅವನು ಕುಂಟುತ್ತಾ ಕೋಣೆಯೊಳಗೆ ಬಂದ’ ಎಂದಾಗುತ್ತದೆ. ಕುಂಟುವಿಕೆ ಕೃದಂತಕ್ಕೆ ಸರಿದು, ಪ್ರಧಾನ ಕ್ರಿಯಾಪದದ ಸ್ಥಾನ ‘ಬಂದ’ ಎಂಬುದಕ್ಕೆ ಸಲ್ಲುತ್ತದೆ.

ಈ ರೂಪಾಂತರದಲ್ಲಿ ಎರಡು ಸಂಗತಿಗಳು ಮುಖ್ಯ. ಇಂಗ್ಲಿಷ್ ವಾಕ್ಯದಲ್ಲಿ ‘ಬರು’, ‘ಹೋಗು’ ಎಂಬ ಭೇದವಿಲ್ಲ. ಕನ್ನಡದಲ್ಲಿ ಅದು ಬರುತ್ತದೆ. ಆದ್ದರಿಂದ ಅನುವಾದಕ ನಿರೂಪಕನ ನೆಲೆ ಕೋಣೆಯ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಬೇಕಾಗುತ್ತದೆ. ಪ್ರತಿಯಾಗಿ ಕನ್ನಡಿಗರು ಇಂಗ್ಲಿಷಿನಲ್ಲಿ ಬರೆಯುವಾಗ ಕೃದಂತವನ್ನು ಬಿಡದೆ ‘ಹಿ ಕೇಮ್ ಇನ್‌ಟು ದ ರೂಮ್ ಬೈ ಲಿಂಪಿಂಗ್’ ಎಂದು ಬರೆಯುವುದುಂಟು. ‘ಬೈ’ ಎಂಬುದು ಸಾಧನವನ್ನು ಸೂಚಿಸುವುದರಿಂದ, ಕೋಣೆಯನ್ನು ಪ್ರವೇಶಿಸಲು ಕುಂಟುವಿಕೆಯನ್ನು ಉಪಾಯವಾಗಿ ಬಳಸಿದನೆಂಬ ವಿಚಿತ್ರ ಅರ್ಥ ಅಲ್ಲಿ ಹೊರಡುತ್ತದೆ.

ಕನ್ನಡದಲ್ಲಿ ರೀತಿಯನ್ನು ಹೇಳುವ ಸಂಪತ್ತು ಬಹುಮಟ್ಟಿಗೆ ಅನುಕರಣಾವ್ಯಯಗಳಲ್ಲಿದೆ. ಎಂ.ಬಿ. ಎಮಿನೊ ೧೯೬೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ ಅನುಕರಣ ಪದಗಳನ್ನು ದ್ರಾವಿಡ ಮತ್ತು ಇಂಡೋ-ಆರ್ಯನ್ ಭಾಷೆಗಳೆರಡಕ್ಕೂ ಸಾಮಾನ್ಯವಾದ ಲಕ್ಷಣವೆಂದು ಗುರುತಿಸಿದ್ದಾರೆ. ಇಂಗ್ಲಿಷಿನ ರೀತಿವಾಚಕ ಕ್ರಿಯಾಪದಗಳಿಗೆ ಸಮಾನವಾದದ್ದನ್ನು ಕನ್ನಡದ ಕ್ರಿಯಾಪದಗಳಲ್ಲಿ ಮಾತ್ರ ಹುಡುಕಿದರೆ ಬಡತನ ಕಾಣುತ್ತದೆ. ಅನುಕರಣಾವ್ಯಯಗಳನ್ನು ಸೇರಿಸಿಕೊಂಡು ಹುಡುಕಿದರೆ ಸಮೃದ್ಧಿ ಕಾಣುತ್ತದೆ. ಅಳುವಿಕೆಯ ಪ್ರಯೋಗಗಳನ್ನು ನೋಡಬಹುದು. ಬಿಕ್ಕಿ ಬಿಕ್ಕಿ ಅತ್ತಳು ಎಂಬುದಕ್ಕೆ ‘ಸಾಬ್ಡ್’, ಗೋಳೋ ಎಂದು ಅತ್ತಳು ಎಂಬುದಕ್ಕೆ ‘ವೇಲ್ಡ್’, ಮುಸುಮುಸು ಅತ್ತಳು ಎಂಬುದಕ್ಕೆ ‘ವಿಂಪರ್ಡ್’ ಹತ್ತಿರದ ಪದಗಳು. ನಗುವಿನಲ್ಲಿ ಕಿಲಕಿಲ ನಗುವುದು ‘ಗಿಗಲ್’, ಗಹಗಹಿಸಿ ನಗುವುದು ‘ಗಫಾ’. ನೋಟದಲ್ಲಿ ದುರುಗುಟ್ಟಿ ನೋಡುವುದು ‘ಗ್ಲೇರ್’, ಎವೆಯಿಕ್ಕದೆ ನೋಡುವುದು ‘ಸ್ಟೇರ್’, ಇಣುಕಿ ನೋಡುವುದು ‘ಪೀಪ್’. ಗಬಗಬ ತಿನ್ನುವುದು ‘ಗಾಬಲ್’, ಗಟಗಟ ಕುಡಿಯುವುದು ‘ಗಲ್ಪ್’. ನಡಿಗೆಯಲ್ಲಿ ದಾಪುಗಾಲು ಹಾಕುವುದು ‘ಸ್ಟ್ರೈಡ್’, ತೂರಾಡುತ್ತಾ ನಡೆಯುವುದು ‘ಸ್ಟ್ಯಾಗರ್’, ತುದಿಗಾಲಿನಲ್ಲಿ ನಡೆಯುವುದು ‘ಟಿಪ್‌ಟೋ’.

ಧ್ವನ್ಯನುಕರಣೆ ಇಂಗ್ಲಿಷಿನಲ್ಲಿಯೂ ಇಲ್ಲದಿಲ್ಲ. ‘ಹಿಸ್’, ‘ಸ್ಪ್ಲ್ಯಾಷ್’, ‘ಕ್ರ್ಯಾಕಲ್’ ಮುಂತಾದವು ಅನುಕರಣೆಯಿಂದ ಹುಟ್ಟಿದ ಪದಗಳೇ. ಅಲ್ಲಿ ಅನುಕರಣೆ ನೇರವಾಗಿ ಧಾತುವಾಗಿದೆ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಧಾತುವಿನ ಹೊರಗೆ ಉಳಿದಿದೆ. ‘ಗುಟ್ಟು’ ಸೇರಿದ ಪಿಸುಗುಟ್ಟು, ವಟಗುಟ್ಟು, ಲೊಚಗುಟ್ಟು ಮುಂತಾದ ರೂಪಗಳಲ್ಲಿ ಕನ್ನಡವೂ ಅನುಕರಣೆಯನ್ನು ಕ್ರಿಯಾಪದವಾಗಿಸಿದೆ. ಈ ರೂಪಗಳಿಂದ ಆರಂಭಿಸಿದರೆ ಇಂಗ್ಲಿಷಿನ ರೀತಿವಾಚಕ ಕ್ರಿಯಾಪದದ ಸ್ವರೂಪವನ್ನು ಕನ್ನಡ ವಿದ್ಯಾರ್ಥಿಗೆ ಮನಗಾಣಿಸುವುದು ಸುಲಭ.

೮. ಎರಡರ ನಡುವಣ ಆಯ್ಕೆ

ಕ್ರಿಯಾವಿಶೇಷಣ ಮತ್ತು ರೀತಿವಾಚಕ ಕ್ರಿಯಾಪದಗಳಲ್ಲಿ ಯಾವುದನ್ನು ಆರಿಸಬೇಕು? ಇಂಗ್ಲಿಷ್ ಬರವಣಿಗೆಯ ಕೈಪಿಡಿಗಳು ಕ್ರಿಯಾವಿಶೇಷಣಗಳನ್ನು ತಗ್ಗಿಸಿ ಸಮರ್ಥವಾದ ಕ್ರಿಯಾಪದವನ್ನು ಬಳಸಬೇಕೆಂದು ಬೋಧಿಸುವುದುಂಟು. ಈ ಉಪದೇಶದಲ್ಲಿ ಸತ್ಯಾಂಶವಿದೆ. ‘ವಿಸ್ಪರ್ಡ್ ಸಾಫ್ಟ್ಲಿ’, ‘ಷೌಟೆಡ್ ಲೌಡ್ಲಿ’ ಎಂಬಲ್ಲಿ ಕ್ರಿಯಾವಿಶೇಷಣ ಹೊಸದೇನನ್ನೂ ಹೇಳುವುದಿಲ್ಲ. ಪಿಸುಗುಟ್ಟುವುದು ಮೆಲುದನಿಯಲ್ಲಿಯೇ, ಅರಚುವುದು ಏರುದನಿಯಲ್ಲಿಯೇ. ಕನ್ನಡದಲ್ಲಿ ‘ಪಿಸಪಿಸನೆ ಪಿಸುಗುಟ್ಟಿದ’ ಎಂಬ ದ್ವಿರುಕ್ತಿ ಮಾತಿಗೆ ಕಳೆಕಟ್ಟಬಹುದು. ಇಂಗ್ಲಿಷ್ ಗದ್ಯದಲ್ಲಿ ಅದೇ ದ್ವಿರುಕ್ತಿ ಅನಾವಶ್ಯಕ ಭಾರವಾಗುತ್ತದೆ.

ಆದರೆ ಉಪದೇಶವನ್ನು ಅತಿಗೆ ಒಯ್ಯುವುದು ಸರಿಯಲ್ಲ. ಕ್ರಿಯಾಪದದ ಅರ್ಥದಲ್ಲಿಲ್ಲದ ಸಂಗತಿಯನ್ನು ಹೇಳಬೇಕಾದಾಗ ಕ್ರಿಯಾವಿಶೇಷಣ ಅನಿವಾರ್ಯ. ‘ಸ್ಮೈಲ್ಡ್ ಸ್ಯಾಡ್ಲಿ’ ಎಂಬಲ್ಲಿ ದುಃಖವು ನಗೆಯ ಅರ್ಥದೊಳಗಿಲ್ಲ. ಆ ವಿರೋಧವೇ ವಾಕ್ಯದ ಜೀವ. ವರದಿ, ಅರ್ಜಿ, ಸಾಕ್ಷ್ಯದ ಹೇಳಿಕೆ ಮುಂತಾದ ಬರಹಗಳಲ್ಲಿ ರೀತಿವಾಚಕ ಕ್ರಿಯಾಪದವು ಅಪಾಯಕಾರಿಯೂ ಆಗಬಹುದು. ಒಬ್ಬ ವ್ಯಕ್ತಿ ‘ವಾಕ್ಡ್ ಅನ್‌ಸ್ಟೆಡಿಲಿ’ ಎಂದರೆ ಅವನ ನಡಿಗೆ ಸ್ಥಿರವಾಗಿರಲಿಲ್ಲ ಎಂಬಷ್ಟೇ ತಿಳಿಯುತ್ತದೆ. ‘ಸ್ಟ್ಯಾಗರ್ಡ್’ ಎಂದರೆ ಕುಡಿತ, ಗಾಯ, ಆಘಾತಗಳ ಛಾಯೆ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ‘ಹೇಳಿದ’ ಎಂಬ ಮಾತು ‘ಗೊಣಗಿದ’ ಎಂದಾದರೆ ಹೇಳಿದವನ ಮೇಲೆ ಒಂದು ತೀರ್ಪು ಬಿದ್ದಂತೆಯೇ. ರೀತಿವಾಚಕ ಕ್ರಿಯಾಪದ ವರ್ಣಿಸುವುದರ ಜೊತೆಗೆ ಬೆಲೆಯನ್ನೂ ಕಟ್ಟುತ್ತದೆ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ‘ಆಗಿ’ ಎಂಬುದಕ್ಕೆ ‘ಲಿ’ ಸಮಾನ ಎಂಬ ಸಮೀಕರಣ ಅಪೂರ್ಣವಾದುದು. ಅದು ಸ್ಥಿತಿ ಮತ್ತು ಕ್ರಿಯೆಗಳ ಭೇದವನ್ನು ಮರೆಮಾಡುತ್ತದೆ. ಕನ್ನಡದ ‘ನೋಡು’, ‘ಕಾಣು’ ಎಂಬ ಜೋಡಿಗಳು ಆ ಭೇದವನ್ನು ಮತ್ತೆ ಬೆಳಕಿಗೆ ತರಬಲ್ಲವು. ಪದಕ್ರಮದ ವ್ಯತ್ಯಾಸಕ್ಕೆ ಕ್ರಿಯಾಪದದ ಸ್ಥಾನ ಮತ್ತು ವಿಭಕ್ತಿ ವ್ಯವಸ್ಥೆಗಳು ಕಾರಣ. ಇಂಗ್ಲಿಷಿನ ರೀತಿವಾಚಕ ಕ್ರಿಯಾಪದಗಳಿಗೆ ಕನ್ನಡದಲ್ಲಿ ಎದುರಾಗಿ ನಿಲ್ಲುವವು ಮುಖ್ಯವಾಗಿ ಅನುಕರಣಾವ್ಯಯಗಳು ಮತ್ತು ಕೃದಂತಗಳು.

ಇಂಗ್ಲಿಷ್ ಬೋಧನೆಯಲ್ಲಿ ಕನ್ನಡವನ್ನು ತಪ್ಪುಗಳ ಮೂಲವೆಂದು ಮಾತ್ರ ಕಾಣುವ ದೃಷ್ಟಿ ಬದಲಾಗಬೇಕಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲಿ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಬರೆಯಲು ತೊಡಗಿದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದರೆ ತಪ್ಪು ಎಲ್ಲಿದೆ ಎಂಬುದು ತಿಳಿಯುತ್ತದೆ, ಏಕೆ ಆಯಿತೆಂಬುದು ತಿಳಿಯುವುದಿಲ್ಲ. ಆ ಕಾರಣವನ್ನು ಹೇಳಬಲ್ಲದ್ದು ಅವನ ತಾಯ್ನುಡಿಯ ವ್ಯಾಕರಣ. ಈ ದೃಷ್ಟಿಯಿಂದ ಅವ್ಯಯ ಪ್ರಕರಣದ ಅಧ್ಯಯನ ಕನ್ನಡ ತರಗತಿಗೆ ಎಷ್ಟು ಅಗತ್ಯವೋ ಇಂಗ್ಲಿಷ್ ತರಗತಿಗೂ ಅಷ್ಟೇ ಅಗತ್ಯ.